ಹೆಸರು ಒಂದು ಕಡೆ, ಕಾಗದ ಒಂದು ಕಡೆ

ನಾನು ಕೆಲಸ ಮಾಡುವ ಕಚೇರಿ ರಾಯಚೂರಿನಲ್ಲಿದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಗಂಡ ತೀರಿಕೊಂಡ, ಸ್ವಂತ ಸೂರಿಲ್ಲದ ಹೆಣ್ಣುಮಕ್ಕಳಿಗೆ ಮನೆ ಕಟ್ಟಿಕೊಳ್ಳಲು ಜಾಗ ಕೊಡುವ ಯೋಜನೆಯೊಂದಿತ್ತು. ಅದರ ಅರ್ಜಿಗಳು ದೇವದುರ್ಗ ಮತ್ತು ಮಾನ್ವಿಯಿಂದ ನಮ್ಮಲ್ಲಿಗೆ ಬರುತ್ತಿದ್ದವು. ಆ ಅರ್ಜಿಗಳ ಕಂಪ್ಯೂಟರ್ ಕೆಲಸಕ್ಕೆ ನನ್ನನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡಿದ್ದರು. ನಮ್ಮದು ಮಲ್ಲಟ ಎಂಬ ಹಳ್ಳಿಯ ಕೂಲಿ ಮನೆತನ. ನಾನು ಓದಿ ನೌಕರಿ ಹಿಡಿದದ್ದು ಅವ್ವನಿಗೆ ದೊಡ್ಡ ಸಂಗತಿ. ಊರಿನಿಂದ ಯಾರೇ ಬಂದರೂ, "ನನ್ನ ಮಗಳು ಎಸಿ ರೂಮಿನ್ಯಾಗ ಕುಂದರ್ತಾಳ" ಎಂದು ಹೇಳುತ್ತಿದ್ದಳು.

ಎಸಿ ಇದ್ದದ್ದು ನಿಜ. ಅದರ ಕೆಳಗೆ ನನ್ನ ಕುರ್ಚಿಯ ಪಕ್ಕದಲ್ಲಿ ಹಿರಿಯ ಗುಮಾಸ್ತರ ಟೇಬಲ್ಲು ಇತ್ತು. ಅವರು ದಿನವಿಡೀ ಗುಟ್ಕಾ ಅಗಿಯುತ್ತಿದ್ದರು. ಬಾಯಿ ತುಂಬಿದಾಗ ಎದ್ದು ಹೋಗುವ ಬದಲು ಕಿಟಕಿಯ ಸರಳಿಗೆ ಮುಖ ಒತ್ತಿ ಉಗುಳುತ್ತಿದ್ದರು. ಕೀಬೋರ್ಡಿನ ಸಂದುಗಳಲ್ಲಿ ಅಡಿಕೆ ಚೂರು ಸೇರಿಕೊಂಡಿತ್ತು. ಮೌಸಿನ ಮೇಲೆ ಅವರ ಹೆಬ್ಬೆರಳು ಕೂರುವ ಜಾಗದಲ್ಲಿ ಕಂದು ಬಣ್ಣದ ಅಂಟು ಗಟ್ಟಿಯಾಗಿತ್ತು. ನಾನು ಏನಾದರೂ ಸರಿಪಡಿಸಲು ಆ ಮೌಸ್ ಮುಟ್ಟಬೇಕಾದಾಗಲೆಲ್ಲ ಕರವಸ್ತ್ರ ಹಾಸಿಕೊಳ್ಳುತ್ತಿದ್ದೆ. ಅವರು ಅದನ್ನು ನೋಡಿ ನಗುತ್ತಿದ್ದರು.

"ಏನ್ ತಂಗೀ, ನಮ್ಮ ಮೌಸಿಗೆ ಮಡಿ ಮಾಡಾಕತ್ತೀಯೇನು?"

ಅವರ ಕಂಪ್ಯೂಟರನ್ನು ನಾನು ಮುಟ್ಟಲೇಬೇಕಿತ್ತು. ಸಾಫ್ಟ್‌ವೇರನ್ನು ಕಂಪನಿಯೊಂದು ಮಾಡಿಕೊಟ್ಟಿತ್ತು. ಅದರಲ್ಲಿ ಅರ್ಜಿ ಹಾಕಿದ ಹೆಂಗಸಿನ ಹೆಸರು, ಊರು, ತೀರಿಹೋದ ಗಂಡನ ಹೆಸರು ಎಲ್ಲವೂ ಡೇಟಾಬೇಸಿನ ಒಂದು ಟೇಬಲ್ಲಿನಲ್ಲಿ ಸಾಲುಸಾಲಾಗಿ ಇರುತ್ತಿದ್ದವು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಆದರೆ ಸ್ಕ್ಯಾನ್ ಮಾಡಿದ ಕಾಗದ, ಅಂದರೆ ಗಂಡನ ಮರಣ ಪತ್ರ, ಆ ಸಾಲಿನೊಳಗೆ ಇರಲಿಲ್ಲ. ಸಾಲಿನಲ್ಲಿ ಇದ್ದದ್ದು ಅದರ ವಿಳಾಸ ಮಾತ್ರ: ಇಂಥ ಕಂಪ್ಯೂಟರಿನ ಇಂಥ ಫೋಲ್ಡರಿನಲ್ಲಿ ಇಂಥ ಹೆಸರಿನ ಫೈಲ್ ಇದೆ, ಅಲ್ಲಿ ಹೋಗಿ ನೋಡು ಎಂದು. ನಮ್ಮ ಸರ್ವರಿನಲ್ಲಿ ಜಾಗ ಸಾಲದೆಂದು ಆ ಫೋಲ್ಡರನ್ನು ಹಿರಿಯ ಗುಮಾಸ್ತರ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಅದಕ್ಕೆ ಬೀಗವಿಲ್ಲ, ಪಾಸ್‌ವರ್ಡ್ ಇಲ್ಲ. ಹೆಸರು ಒಂದು ಕಡೆ ಭದ್ರವಾಗಿ ಕೂತಿತ್ತು, ಕಾಗದ ಇನ್ನೊಂದು ಕಡೆ ಬಾಗಿಲಿಲ್ಲದ ಕೋಣೆಯಲ್ಲಿ ಬಿದ್ದಿತ್ತು.

ಇದು ಸರಿಯಲ್ಲ ಎಂದು ನಾನು ಸೇರಿದ ಹೊಸದರಲ್ಲೇ ಸಾಹೇಬರಿಗೆ ಹೇಳಿದ್ದೆ. ಅವರು ಕಂಪನಿಯ ಎಂಜಿನಿಯರನ್ನು ಕೇಳಿದರು. ಎಲ್ಲ ಕಡೆ ಹೀಗೇ ಇಡುತ್ತಾರೆ ಎಂದು ಅವನು ಹೇಳಿದ. ಮಾತು ಅಲ್ಲಿಗೇ ಮುಗಿಯಿತು.

ಮಾನ್ವಿಯಲ್ಲಿ ಅಹವಾಲು ಕೇಳುವ ಸಭೆಯಿತ್ತು. ತಾಲೂಕಿನ ಹಳ್ಳಿಗಳಿಂದ ಹೆಂಗಸರು ಬಂದು ನೆಲದ ಮೇಲೆ ಜಮಖಾನೆ ಹಾಸಿದ ಕಡೆ ಕೂತಿದ್ದರು. ಹಿಂದೆ ಗಂಡಸರು ನಿಂತಿದ್ದರು. ಸಾಹೇಬರಿಗೆ ಆ ದಿನ ಹುರುಪು ಬಂದಿತ್ತು. ನನ್ನ ಲ್ಯಾಪ್‌ಟಾಪನ್ನು ಇಂಟರ್ನೆಟ್ಟಿನ ಮೂಲಕ ರಾಯಚೂರಿನ ಕಚೇರಿಗೆ ಜೋಡಿಸಿ, ಪ್ರೊಜೆಕ್ಟರ್ ಹಚ್ಚಿಸಿ ಬಿಳಿ ಗೋಡೆಯ ಮೇಲೆ ನಮ್ಮ ಸಾಫ್ಟ್‌ವೇರ್ ತೋರಿಸಿದರು. "ನೋಡ್ರಿ ಯವ್ವಾಗಳ್ರಾ, ಇನ್ನ ಮ್ಯಾಲ ನೀವು ಕಾಗದ ಹಿಡ್ಕೊಂಡು ಅಡ್ಡಾಡೋದು ಬ್ಯಾಡ. ಎಲ್ಲಾ ಇದರಾಗ ಅದ. ಯಾರದು ಬೇಕು ಹೇಳ್ರಿ, ಈಗಿಂದೀಗ ತೋರಸ್ತೀವಿ."

ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಎದ್ದು ನಿಂತಳು. ನೀರಮಾನ್ವಿ ಎಂಬ ಹಳ್ಳಿಯವಳು. ನಲವತ್ತರ ಆಚೀಚೆ ವಯಸ್ಸು, ಗಟ್ಟಿ ಮೈಕಟ್ಟು, ತಲೆಯ ಮೇಲೆ ಸೆರಗು.

"ನನ್ನ ಗಂಡಂದು ತೋರಸ್ರಿ. ಕೊಟ್ಟು ಭಾಳ ದಿನ ಆತು. ಅದನೋ ಇಲ್ಲೋ ಅಂತ ನೋಡ್ಕೋತೀನಿ."

ನಾನು ಅವಳ ಹೆಸರು ಟೈಪ್ ಮಾಡಿದೆ. ಸಾಲು ಬಂತು. ಅವಳ ಹೆಸರು, ಊರು, ಗಂಡನ ಹೆಸರು, ಕೊನೆಯಲ್ಲಿ "ದಾಖಲೆ ಇದೆ" ಎಂಬ ಹಸಿರು ಅಕ್ಷರ. ಅದರ ಮೇಲೆ ಒತ್ತಿದೆ.

ಗೋಡೆಯ ಮೇಲೆ ಬಟ್ಟೆಯಿಲ್ಲದ ಹೆಂಗಸಿನ ಚಿತ್ರ ಬಿತ್ತು. ಆಳೆತ್ತರದ ಚಿತ್ರ. ಅವಳ ಜೊತೆಗೆ ಗಂಡಸೂ ಇದ್ದ. ಹೆಚ್ಚು ಹೇಳಲಾರೆ. ಚಿತ್ರದ ಮೇಲ್ಭಾಗದಲ್ಲಿ, ನಮ್ಮ ಸಾಫ್ಟ್‌ವೇರಿನ ರೀತಿಯಂತೆ, ದಪ್ಪ ಅಕ್ಷರದಲ್ಲಿ ಆ ತೀರಿಹೋದ ಮನುಷ್ಯನ ಹೆಸರಿತ್ತು.

ನನಗೆ ಮುಚ್ಚುವ ಗುರುತು ಎಲ್ಲಿದೆ ಎಂಬುದೇ ಮರೆತುಹೋಯಿತು. ಎದ್ದು ಹೋಗಿ ಪ್ರೊಜೆಕ್ಟರಿನ ಮುಂದೆ ನಿಂತೆ. ಗೋಡೆಯ ಮೇಲಿದ್ದದ್ದು ನನ್ನ ದುಪಟ್ಟಾದ ಮೇಲೆ, ಕುತ್ತಿಗೆಯ ಮೇಲೆ ಬಿತ್ತು. ಹಿಂದಿನ ಸಾಲಿನ ಗಂಡಸರಲ್ಲಿ ಯಾರೋ ನಕ್ಕರು. ಮೊದಲು ಒಬ್ಬ, ಆಮೇಲೆ ಹಲವರು. ನೆಲದ ಮೇಲೆ ಕೂತ ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಕೊನೆಗೆ ನಮ್ಮ ಜೀಪಿನ ಡ್ರೈವರ್ ಓಡಿ ಬಂದು ವೈರ್ ಕಿತ್ತ.

ನೀರಮಾನ್ವಿಯ ಹೆಂಗಸು ಮುಖ ಮುಚ್ಚಿಕೊಂಡಿರಲಿಲ್ಲ. ನಿಂತ ಜಾಗದಲ್ಲೇ ನಿಂತಿದ್ದಳು. ಸದ್ದಡಗಿದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಯವ್ವಾ, ಅಲ್ಲಿಂದ ಅವನ ಹೆಸರು ತಗಿ. ಮೊದಲು ಅದನ್ನ ತಗಿ."

ವಾಪಸು ಬರುವಾಗ ಜೀಪಿನಲ್ಲಿ, ರಾಯಚೂರು ಹತ್ತಿರವಾದಾಗ ಸಾಹೇಬರು ಹೇಳಿದರು. "ತಾಂತ್ರಿಕ ದೋಷ ಆಗಿತ್ತು ಅಂತ ಒಂದು ವರದಿ ಬರ್ದು ಕೊಡ್ರಿ. ನಿಮ್ಮ ಸಹಿ ಹಾಕ್ರಿ."

ಆ ರಾತ್ರಿ ಊಟಕ್ಕೆ ಕೂತಾಗ ನನಗೆ ಬಲಗೈಯಿಂದ ತುತ್ತು ಎತ್ತಲಾಗಲಿಲ್ಲ. ಸೋಪು ಹಚ್ಚಿ ತೊಳೆದರೂ ಆ ಬೆರಳು ಏನನ್ನೋ ಮುಟ್ಟಿದೆ ಅನ್ನಿಸುತ್ತಿತ್ತು. ಅವ್ವ ರೊಟ್ಟಿ ಮುರಿದು ಪಲ್ಯ ಹಚ್ಚಿ ಕೊಟ್ಟಳು. ಏನಾಯಿತೆಂದು ಹೇಳಿದೆ. ಅವಳು "ಆ ಹೆಣ್ಣಮಗಳು ಮನಿಗೆ ಹೋಗಿ ಉಂಡಾಳೋ ಇಲ್ಲೋ" ಎಂದಳು.

ಮರುದಿನ ಕಚೇರಿಗೆ ಬೇಗ ಹೋಗಿ ಆ ಫೋಲ್ಡರ್ ತೆರೆದು ನೋಡಿದೆ. ಆದದ್ದು ಇಷ್ಟು. ಹಿರಿಯ ಗುಮಾಸ್ತರ ಮೊಬೈಲಿನಲ್ಲಿ ಜಾಗ ತುಂಬಿತ್ತು. ಅವರು ಅದನ್ನು ಕಂಪ್ಯೂಟರಿಗೆ ಜೋಡಿಸಿ, ಮೊಬೈಲಿನಲ್ಲಿದ್ದ ಎಲ್ಲ ಚಿತ್ರಗಳನ್ನೂ ಕಣ್ಣಿಗೆ ಬಿದ್ದ ಮೊದಲ ಫೋಲ್ಡರಿಗೆ ಸುರಿದಿದ್ದರು. ಅದು ಮರಣ ಪತ್ರಗಳ ಫೋಲ್ಡರು. ಸ್ಕ್ಯಾನರ್ ಫೈಲುಗಳಿಗೆ ಇಂಗ್ಲಿಷ್ ಅಕ್ಷರ ಮತ್ತು ಒಂದು ಸಂಖ್ಯೆ ಕೊಡುತ್ತಿತ್ತು, ಮೊಬೈಲೂ ಅದೇ ಅಕ್ಷರ, ಅಂಥದ್ದೇ ಸಂಖ್ಯೆ ಕೊಡುತ್ತಿತ್ತು. ಅದೇ ಹೆಸರಿನ ಫೈಲ್ ಇಲ್ಲಿ ಆಗಲೇ ಇದೆ, ಅದರ ಮೇಲೆ ಇದನ್ನು ಹಾಕಲೇ ಎಂದು ಕಂಪ್ಯೂಟರ್ ಕೇಳಿರಬೇಕು. ಎಲ್ಲದಕ್ಕೂ ಹೂಂ ಎಂದು ಒತ್ತಿದ್ದರು. ಡೇಟಾಬೇಸಿನ ಟೇಬಲ್ಲಿಗೆ ಇದೊಂದೂ ತಿಳಿಯಲಿಲ್ಲ. ಅದು ತನ್ನ ಹಸಿರು ಅಕ್ಷರದಲ್ಲಿ "ದಾಖಲೆ ಇದೆ" ಎಂದು ಹೇಳುತ್ತಲೇ ಇತ್ತು.

ಅವರು ಬಂದ ಮೇಲೆ ಕೇಳಿದೆ.

"ನನ್ನವಲ್ಲ ತಂಗೀ ಅವು" ಎಂದರು. "ವಾಟ್ಸಾಪ್ ಗ್ರೂಪಿನ್ಯಾಗ ಬರ್ತಾವ. ತಮ್ಮಷ್ಟಕ್ಕ ತಾವ ಬಂದು ಕುಂದರ್ತಾವ. ನಾ ನೋಡಂಗೇ ಇಲ್ಲ."

"ನೋಡದವ್ರು ಡಿಲೀಟ್ ಮಾಡ್ಬೇಕಿತ್ತಲ್ರಿ. ಕಂಪ್ಯೂಟರಿನ್ಯಾಗ ಜೋಪಾನ ಮಾಡಿ ಯಾಕ ಇಟ್ರಿ?"

ಅವರ ಬಾಯಿ ತುಂಬ ಗುಟ್ಕಾ ಇದ್ದುದರಿಂದ ಕಿಟಕಿಯ ಕಡೆ ಹೋದರು.

ನಾನು ತಾಂತ್ರಿಕ ದೋಷ ಎಂದು ಬರೆಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದು ಸಾಹೇಬರ ಮುಂದಿಟ್ಟೆ. ಅವರು ಓದಿ, ಮಡಚಿ ಡ್ರಾವರಿಗೆ ಹಾಕಿದರು. ಆ ಡ್ರಾವರಿನಿಂದ ಅದು ಹೊರಗೆ ಬಂದದ್ದನ್ನು ನಾನು ನೋಡಿಲ್ಲ. "ಅವರದು ಸರ್ವೀಸು ಮುಗೀಲಿಕ್ಕೆ ಬಂದದ. ಮನಿ ತುಂಬ ಮಕ್ಕಳದಾರ. ನೀವು ತಿಳಿದವರು" ಎಂದರು. ಅಷ್ಟರಲ್ಲಿ ಸಭೆಯಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ಫೋಟೋ ಮಾನ್ವಿಯೆಲ್ಲ ಸುತ್ತಾಡಿ ನಮ್ಮ ಕಚೇರಿಗೂ ಬಂದಿತ್ತು. ಅದರಲ್ಲಿ ನಾನಿದ್ದೆ, ನನ್ನ ದುಪಟ್ಟಾದ ಮೇಲೆ ಆ ಚಿತ್ರವಿತ್ತು. ನಮ್ಮ ಟೈಪಿಸ್ಟ್ ಹುಡುಗಿ ಅಳುತ್ತ ಬಂದು ನನಗೆ ತೋರಿಸಿದಳು. ಅವಳಿಗೆ ಬಂದದ್ದು ಹಿರಿಯ ಗುಮಾಸ್ತರು ಇದ್ದ ಒಂದು ಗ್ರೂಪಿನಿಂದ.

ಅವತ್ತು ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಕೂಗಾಡಿ ಹಗುರಾಗುತ್ತಿದ್ದೆನೇನೋ. ಬಂದದ್ದು ಹೇಸಿಗೆ. ಸಾಹೇಬರ ಕೋಣೆಗೆ ಹೋಗಿ ಎರಡು ಮಾತು ಹೇಳಿದೆ. ಆ ಫೋಲ್ಡರಿನಲ್ಲಿ ಮರಣ ಪತ್ರ ಯಾವುದು, ಬೇರೆಯದು ಯಾವುದು ಎಂದು ಹಿರಿಯ ಗುಮಾಸ್ತರೇ ಕೂತು ಆರಿಸಬೇಕು, ಎಲ್ಲರ ಎದುರಿಗೆ, ಬಾಗಿಲು ತೆರೆದಿಟ್ಟುಕೊಂಡು. ಮತ್ತು ಇನ್ನು ಮೇಲೆ ಕಾಗದಗಳು ಡೇಟಾಬೇಸಿನ ಒಳಗೇ, ಆಯಾ ಹೆಸರಿನ ಸಾಲಿನಲ್ಲೇ ಇರಬೇಕು. ಇಲ್ಲವಾದರೆ ಡ್ರಾವರಿನಲ್ಲಿರುವ ವರದಿಯ ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ ಎಂದೆ. ಸಾಹೇಬರು ಚಹಾ ತರಿಸಿದರು. ನಾನು ಕುಡಿಯಲಿಲ್ಲ. ಅವರು ಒಪ್ಪಿದರು.

ಕಂಪನಿಯ ಎಂಜಿನಿಯರ್ ಫೋನಿನಲ್ಲಿ ಬಹಳ ವಾದಿಸಿದ. ಅವನು ಬೆಂಗಳೂರಿನಲ್ಲಿದ್ದ.

"ಮೇಡಂ, ಫೈಲುಗಳನ್ನ ಟೇಬಲ್ಲಿನೊಳಗೆ ತುಂಬಿದ್ರೆ ಡೇಟಾಬೇಸ್ ಊದ್ಕೊಳ್ಳುತ್ತೆ. ಬ್ಯಾಕಪ್ ತೆಗೆಯೋಕೆ ಗಂಟೆಗಟ್ಟಲೆ ಬೇಕಾಗುತ್ತೆ. ಎಲ್ಲ ನಿಧಾನ ಆಗುತ್ತೆ. ನೀವು ಓದಿದೋರು, ನಿಮಗೆ ಗೊತ್ತಿರಬೇಕು."

"ಗೊತ್ತದ. ಊದಲಿ."

"ಫೋಲ್ಡರಿಗೆ ಒಂದು ಪಾಸ್‌ವರ್ಡ್ ಹಾಕಿದ್ರೆ ಸಾಕಲ್ವಾ?"

"ಪಾಸ್‌ವರ್ಡ್ ಯಾರ ಕಡೆ ಇರ್ತದ? ಅವರ ಕಂಪ್ಯೂಟರಿಗೆ ಅವರೇ ಮಾಲೀಕರು. ಇವತ್ತು ಚಿತ್ರ ಸುರದಾರ, ನಾಳೆ ಜಾಗ ಸಾಲದು ಅಂತ ಪೂರಾ ಫೋಲ್ಡರ್ ಅಳಿಸ್ತಾರ. ನಿಮ್ಮ ಟೇಬಲ್ಲು ಆಗೂ ಕಾಗದ ಅದ ಅಂತ ಹೇಳ್ತದ."

ಅವನು ಹೇಳಿದ್ದು ಸುಳ್ಳಲ್ಲ. ಸರಿಯಾಗಿ ಕಾವಲಿದ್ದ ಕಡೆ ಫೈಲುಗಳನ್ನು ಹೊರಗಿಡುವುದೇ ಹಗುರ. ನಮ್ಮಲ್ಲಿ ಕಾವಲು ಇರಲಿಲ್ಲ. ನಮ್ಮಲ್ಲಿ ಇದ್ದದ್ದು ಗುಟ್ಕಾ. ಕೊನೆಗೆ ಗೊಣಗುತ್ತಲೇ ಟೇಬಲ್ಲಿಗೆ ಹೊಸ ಕಾಲಂ ಸೇರಿಸಿಕೊಟ್ಟ. ಸರ್ವರಿಗೊಂದು ದೊಡ್ಡ ಹಾರ್ಡ್ ಡಿಸ್ಕ್ ಬಂತು. ಕಾಗದವಿಲ್ಲದೆ ಯಾವ ಸಾಲೂ ಸೇವ್ ಆಗಬಾರದು ಎಂಬ ಕಟ್ಟುನಿಟ್ಟನ್ನು ನಾನೇ ಹೇಳಿ ಹಾಕಿಸಿದೆ.

ಫೋಲ್ಡರ್ ಆರಿಸುವ ದಿನ ಹಿರಿಯ ಗುಮಾಸ್ತರು ಎಂದಿನಂತೆ ಬಂದು ಕೂತರು. ನಾನು ಸ್ವಲ್ಪ ದೂರದಲ್ಲಿ ಗೋಡೆಗೆ ಮುಖ ಮಾಡಿ ಕೂತು, ಅವರು ಬೇರೆ ಮಾಡಿ ಕೊಟ್ಟ ಮರಣ ಪತ್ರಗಳನ್ನು ಒಂದೊಂದಾಗಿ ಆಯಾ ಸಾಲಿಗೆ ಸೇರಿಸತೊಡಗಿದೆ. ಅವರು ತೆರೆಯುತ್ತಿದ್ದ ಫೈಲುಗಳ ಸರದಿ ನನಗೆ ಅವರ ಬಾಯಿಂದಲೇ ತಿಳಿಯುತ್ತಿತ್ತು. "ಇದು ಮಸರಕಲ್ಲಿಂದು... ಇದು ಗುಡ್ ಮಾರ್ನಿಂಗು, ದೇವರ ಫೋಟೋ... ಇದು ಬ್ಯಾಡ... ಇದೂ ಬ್ಯಾಡ... ಇದು ನಮ್ಮ ಅಳಿಯನ ಹೊಸ ಗಾಡಿ... ಇದು ದೇವದುರ್ಗದ್ದು ಯಾರದೋ ಸತ್ತಿದ್ದು." ಒಂದೇ ದನಿ. ಅವರಿಗೆ ನಾಚಿಕೆಯಾಗುತ್ತದೆ ಎಂದು ನಾನು ಕಾದಿದ್ದೆ. ಅವರಿಗೆ ಬೇಸರವಾಯಿತು, ಅಷ್ಟೇ. ಊಟದ ಹೊತ್ತಿಗೆ ಬಿಪಿ ಹೆಚ್ಚಾಗಿದೆ ಎಂದು ರಜೆಯ ಚೀಟಿ ಕೊಟ್ಟು ಮನೆಗೆ ಹೋದರು. ಉಳಿದದ್ದನ್ನು ನಾನೇ ಆರಿಸಬೇಕಾಯಿತು. ಒಬ್ಬ ಸತ್ತ ಮನುಷ್ಯನ ಹೆಸರು, ಅದರ ಪಕ್ಕದಲ್ಲಿ ಹೊಲಸು, ಮತ್ತೆ ಒಬ್ಬ ಸತ್ತ ಮನುಷ್ಯನ ಹೆಸರು. ಮಧ್ಯೆ ಎದ್ದು ಹೋಗಿ ಬಚ್ಚಲಿನಲ್ಲಿ ವಾಂತಿ ಮಾಡಿಕೊಂಡು ಬಂದೆ. ಬಚ್ಚಲಿನ ಮೂಲೆಗಳೂ ಗುಟ್ಕಾ ಉಗುಳಿನಿಂದ ಕೆಂಪಗಿದ್ದವು.

ಅಳಿಸಿಹೋದ ಕಾಗದಗಳನ್ನು ಮತ್ತೆ ತರಿಸಿಕೊಳ್ಳಬೇಕಿತ್ತು. ದೇವದುರ್ಗಕ್ಕೆ ಹೋಗಿ ಸ್ಕ್ಯಾನರ್ ಇಟ್ಟುಕೊಂಡು ಕೂತೆ. ಮಸರಕಲ್ಲಿನಿಂದಲೂ ಹೆಂಗಸರು ಬಂದರು. ಅವರಿಗೆ ಮಾನ್ವಿಯ ಸಂಗತಿ ಗೊತ್ತಿತ್ತು. ಪ್ಲಾಸ್ಟಿಕ್ ಚೀಲದೊಳಗಿನಿಂದ, ಕುಪ್ಪಸದೊಳಗಿನಿಂದ ಕಾಗದ ತೆಗೆದು ಕೊಟ್ಟು, ಸ್ಕ್ಯಾನ್ ಆಗುವ ತನಕ ಅದರ ಮೇಲೆಯೇ ಕಣ್ಣಿಟ್ಟು ನಿಂತು, ವಾಪಸು ಇಸಿದುಕೊಂಡು ಹೋದರು.

ಮಾನ್ವಿಯಲ್ಲೂ ಹೆಚ್ಚಿನವರು ಬಂದರು. ನೀರಮಾನ್ವಿಯವಳು ಬರಲಿಲ್ಲ. ಹೇಳಿ ಕಳಿಸಿದರೂ ಬರಲಿಲ್ಲ. ನಾನೇ ಹುಡುಕಿಕೊಂಡು ಹೋದೆ.

ಅವಳು ಅಣ್ಣನ ಮನೆಯ ಕಟ್ಟೆಯ ಮೇಲೆ ಕೌದಿ ಹೊಲೆಯುತ್ತಿದ್ದಳು. ನನ್ನನ್ನು ಗುರುತಿಸಿದಳು. ಕೂರಲು ಜಾಗ ಮಾಡಿಕೊಟ್ಟು ನೀರು ತಂದಳು. ಬಂದ ಕಾರಣ ಹೇಳಿದೆ. ಸೂಜಿ ನಿಲ್ಲಿಸದೆ ಕೇಳಿಸಿಕೊಂಡಳು.

"ಕೊಡಂಗಿಲ್ಲ" ಎಂದಳು. "ನಿಮ್ಮ ಮಷೀನಿನ್ಯಾಗ ಹೋದ ಕಾಗದ ಎಲ್ಲಿ ಹೋಗ್ತದ, ಯಾರ ಮಗ್ಗಲಾಗ ಮಲಗ್ತದ, ನನಗೇನು ಗೊತ್ತು?"

"ಯಕ್ಕಾ, ಆಗ ನಿನ್ನ ಹೆಸರು ಒಂದು ಕಡೆ ಇತ್ತು, ಕಾಗದ ಒಂದು ಕಡೆ ಇತ್ತು. ಅದಕ್ಕ ಹಂಗಾತು. ಈಗ ಎರಡೂ ಒಂದೇ ಕಡೆ ಮಾಡೀವಿ. ನಿನ್ನ ಹೆಸರಿನ ಸಾಲಿನ್ಯಾಗೇ ನಿನ್ನ ಕಾಗದ ಇರ್ತದ. ನಡುವ ಮತ್ತೊಂದು ಬರಾಕ ಜಾಗ ಇಲ್ಲ."

"ಅದನ್ನ ಯಾರು ತಗೀಬಹುದು?"

"ನಾನು, ಸಾಹೇಬ್ರು. ಇಬ್ರೇ."

"ಆ ಚಿತ್ರದಂವ?"

ಅವಳಿಗೆ ಅದೂ ಗೊತ್ತಾಗಿತ್ತು. "ಅವರಿಗಿಲ್ಲ" ಎಂದೆ.

"ಅಂವ ಈಗ ಎಲ್ಲಿದಾನ?"

"ಅಲ್ಲೇ ಅದಾರ."

ಅವಳು ಮೊದಲ ಸಲ ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದಳು. "ಅಲ್ಲೇ ಅದಾನ. ನೀನು ಪರ್ಮನೆಂಟ್ ಅದೀಯೇನು?"

"ಇಲ್ಲ. ಗುತ್ತಿಗಿ."

"ಮತ್ತ ನೀ ಹೋದ ಮ್ಯಾಲ?"

ನಾನು ಅವಳು ತಂದಿಟ್ಟ ನೀರು ಕುಡಿದೆ. ಅವಳೇ ಮುಂದೆ ಹೇಳಿದಳು.

"ನಿನ್ನ ಮ್ಯಾಲ ಸಿಟ್ಟಿಲ್ಲ ಯವ್ವಾ. ಅವತ್ತು ಅದನ್ನ ನಿನ್ನ ಮೈಮ್ಯಾಲ ಹಾಕ್ಕೊಂಡು ನಿಂತಿದ್ದಿ, ನೋಡೀನಿ. ಆದ್ರ ಮಂದಿ ಅವನ ಹೆಸರು ತಗೊಂಡ್ರ ಈಗ ಆ ಚಿತ್ರ ನೆನಸ್ತಾರ. ಇರೋವಾಗ ಒಂದು ಮಾತು ಅನ್ನಿಸ್ಕೊಂಡಾಂವಲ್ಲ. ಕಾಗದ ನನ್ನ ಕಡೇನೇ ಇರಲಿ. ಯಾರು ನೋಡ್ಬೇಕೋ ಅವ್ರು ಬಂದು ನೋಡ್ಲಿ, ಇಲ್ಲಾ ನಾನೇ ಬಂದು ಕೈಯಾಗ ಹಿಡಿದು ತೋರಸ್ತೀನಿ. ಕೊಡಾಕ ಮಾತ್ರ ಕೊಡಂಗಿಲ್ಲ."

ರಾಯಚೂರಿಗೆ ಬಂದು ಅವಳ ಸಾಲನ್ನು ಸರಿಪಡಿಸಲು ಕೂತಾಗ ಸಾಫ್ಟ್‌ವೇರ್ ಒಪ್ಪಲಿಲ್ಲ. ದಾಖಲೆಯಿಲ್ಲದೆ ಉಳಿಸಲು ಆಗುವುದಿಲ್ಲ ಎಂದಿತು. ನಾನೇ ಹೇಳಿ ಹಾಕಿಸಿದ ಕಟ್ಟುನಿಟ್ಟು ಅದು. ಹಿರಿಯ ಗುಮಾಸ್ತರು ಪಕ್ಕದಿಂದ ಇಣುಕಿ ನೋಡಿ, "ಹಂಗಾರ ಆಕೀದು ರಿಜೆಕ್ಟ್ ಮಾಡಿಬಿಡು, ಕೆಲಸ ಮುಗೀತು" ಎಂದರು. ಅವರ ಬಾಯಿಂದ ಹಾರಿದ ಹನಿ ನನ್ನ ಮುಂಗೈ ಮೇಲೆ ಬಿತ್ತು. ಒರೆಸಿಕೊಂಡೆ. ಎಂಜಿನಿಯರಿಗೆ ಫೋನ್ ಮಾಡಿ, ಆ ಕಾಲಂ ಖಾಲಿ ಬಿಡಲು ಬರುವ ಹಾಗೆ ಮಾಡಿಕೊಡಿ ಎಂದೆ. ಮೊನ್ನೆ ಬೇಕೇ ಬೇಕು ಅಂದ್ರಿ, ಇವತ್ತು ಬೇಡ ಅಂತೀರಿ ಎಂದು ಅವನು ರೇಗಿದ. ಅವನು ರೇಗುವುದರಲ್ಲಿ ತಪ್ಪಿರಲಿಲ್ಲ. ಆದರೂ ಮಾಡಿಕೊಟ್ಟ. ಷರಾ ಬರೆಯುವ ಕಡೆ ನಾನು ಬರೆದೆ: ಮೂಲ ಕಾಗದ ಅರ್ಜಿದಾರರ ಬಳಿಯೇ ಇರುತ್ತದೆ, ಬಂದು ತೋರಿಸುತ್ತಾರೆ.

ಅವಳು ಬಂದಳು. ಅಣ್ಣನನ್ನು ಕರೆದುಕೊಂಡು ಬಸ್ಸಿನಲ್ಲಿ ರಾಯಚೂರಿಗೆ ಬಂದು, ಸಾಹೇಬರ ಟೇಬಲ್ಲಿನ ಈ ಕಡೆ ನಿಂತು, ಕಾಗದವನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದಳು. ಸಾಹೇಬರು ಇಸಿದುಕೊಳ್ಳಲು ಕೈ ಚಾಚಿದರು. ಅವಳು ಕೊಡಲಿಲ್ಲ. ಅವರು ಕುರ್ಚಿಯಿಂದ ಎದ್ದು, ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು ಓದಿದರು. ಸಹಿ ಹಾಕಿದರು. ಜಾಗ ಮಂಜೂರಾದವರ ಪಟ್ಟಿಯಲ್ಲಿ ಅವಳ ಹೆಸರು ಬಂತು. ಈಗ ಅವಳ ಮನೆಗೆ ಬುನಾದಿ ಬಿದ್ದಿದೆ ಎಂದು ಕೇಳಿದ್ದೇನೆ.

ಡೇಟಾಬೇಸ್ ಎಂಜಿನಿಯರ್ ಹೇಳಿದಂತೆಯೇ ಊದಿಕೊಂಡಿದೆ. ಬ್ಯಾಕಪ್ ಹಚ್ಚಿ ಊಟ ಮುಗಿಸಿ ಬಂದರೂ ಅರ್ಧದಷ್ಟೇ ಮುಗಿದಿರುತ್ತದೆ. ಆದರೆ ಹೆಸರು ಒತ್ತಿದರೆ ಆ ಹೆಸರಿನ ಕಾಗದವೇ ಬರುತ್ತದೆ. ಇಷ್ಟು ದಿನದಲ್ಲಿ ಬೇರೆ ಏನೂ ಬಂದಿಲ್ಲ.

ಹಿರಿಯ ಗುಮಾಸ್ತರಿಗೆ ಬಡ್ತಿ ಸಿಕ್ಕಿತು. ದೇವದುರ್ಗಕ್ಕೆ ಹೋದರು. ಹೋಗುವ ದಿನ ಕಚೇರಿಗೆಲ್ಲ ಪೇಡೆ ಹಂಚಿದರು, ಸಾಹೇಬರು ಅವರಿಗೆ ಶಾಲು ಹೊದಿಸಿದರು, ಸರಳ ಜೀವಿ ಎಂದು ಹೊಗಳಿದರು. ಪೇಡೆಯ ಡಬ್ಬಿ ನನ್ನ ಮುಂದೆಯೂ ಬಂತು. ನಾನು ಬೇಡವೆಂದೆ.

"ಯಾಕ ತಂಗೀ, ಇನ್ನೂ ಸಿಟ್ಟೇನು?" ಎಂದರು ನಗುತ್ತ.

"ಸಿಟ್ಟಲ್ರಿ. ಹೇಸಿಕಿ" ಎಂದೆ.

ಸುತ್ತ ನಿಂತವರು ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕರು. ಹಿರಿಯ ಗುಮಾಸ್ತರೂ ನಕ್ಕರು. ಡಬ್ಬಿ ಮುಂದಿನ ಟೇಬಲ್ಲಿಗೆ ಹೋಯಿತು.